ಬಾನುಲಿಯಲ್ಲಿ ನಮ್ಮ ಮಾತು

ಬಂಗೂರನಗರದ ಕಾರ್ಖಾನೆಯ ವಸತಿಗೃಹದಲ್ಲಿ ನಾನು ಬಾಲ್ಯವನ್ನು ಕಳೆದವನು. ನಮ್ಮ ತಂದೆಯವರು ಕಾಗದದ ಗಿರಣಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಆಗ ನಮ್ಮ ಮನೆಯ ಕಾಲಮಾನವನ್ನು ನಿರ್ಧರಿಸುತ್ತಿದ್ದುದು ಎರಡೇ ವಸ್ತುಗಳು: ಒಂದು ಗಿರಣಿಯ ಭೋಂಗಾ, ಇನ್ನೊಂದು ಗೋಡೆಯ ಗೂಟದ ಮೇಲಿದ್ದ ರೇಡಿಯೋ. ಆ ರೇಡಿಯೋಕ್ಕೆ ಅಮ್ಮ ಹೊಲಿದ ಹೂವಿನ ಬಟ್ಟೆಯ ಮುಸುಕಿತ್ತು. ವರ್ಷಕ್ಕೊಮ್ಮೆ ತಂದೆಯವರು ಪರವಾನಗಿಯ ಪುಸ್ತಕವನ್ನು ಹಿಡಿದುಕೊಂಡು ಅಂಚೆ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಕೇಳುವುದಕ್ಕೂ ಸರ್ಕಾರದ ಅಪ್ಪಣೆ ಬೇಕಾಗಿದ್ದ ಕಾಲವದು. ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ.

ನಮಗೆ ರೇಡಿಯೋ ಎಂದರೆ ಧಾರವಾಡ. 1950ರ ಜನವರಿ 8ರಂದು ಆರಂಭವಾದ ಆ ಕೇಂದ್ರದ ಧ್ವನಿ ದಾಂಡೇಲಿಯ ಕಾಡನ್ನು ದಾಟಿ ನಿಚ್ಚಳವಾಗಿ ಬರುತ್ತಿತ್ತು. ಬೇಂದ್ರೆಯವರು ಸಲಹೆಗಾರರಾಗಿದ್ದ, ‘ಎನ್ಕೆ’ಯವರಂತಹ ಲೇಖಕರು ದುಡಿದ ನಿಲಯವದು. ಅದರ ಋಣ ನನ್ನ ಮೇಲೆ ಬಹಳವಿದೆ. ಒಳ್ಳೆಯ ಕನ್ನಡ ಎಂದರೇನೆಂಬುದನ್ನು ಬಿ.ಎಡ್. ತರಗತಿಗಿಂತ ಮೊದಲೇ ನನಗೆ ಕಲಿಸಿದ್ದು ಆ ಪೆಟ್ಟಿಗೆಯೇ. ಆದರೆ ಇಂದು ಹೇಳಹೊರಟಿರುವುದು ಆ ಋಣದ ಮಾತಲ್ಲ. ನನ್ನ ಒಂದು ತಪ್ಪಿನ ಮಾತು.

1986ರ ಸುಮಾರು. ನಾನು ಅಧ್ಯಾಪಕ ವೃತ್ತಿಗೆ ಸೇರಿ ಎರಡು ವರ್ಷವಾಗಿತ್ತು. ಹಳಿಯಾಳದ ಕಡೆಯ ಒಂದು ಪ್ರೌಢಶಾಲೆ. ಶಾಲಾ ಪ್ರಸಾರದ ಕಾರ್ಯಕ್ರಮವನ್ನು ಮಕ್ಕಳಿಗೆ ಕೇಳಿಸಲೆಂದು ನನ್ನದೇ ಟ್ರಾನ್ಸಿಸ್ಟರನ್ನು ತರಗತಿಗೆ ಒಯ್ಯುತ್ತಿದ್ದೆ. ಒಂದು ದಿನ ಕಾರ್ಯಕ್ರಮ ಮುಗಿದು ಗುಂಡಿ ತಿರುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಸಿದ್ದಿ ಹುಡುಗ ಎದ್ದು ನಿಂತು ಕೇಳಿದ: “ಸರ, ಇದರಾಗ ನಮ್ಮ ಮಾತ ಬರೂದಿಲ್ಲೇನ್ರಿ?”

“ನಿಮ್ಮ ಮಾತು ಅಂದ್ರ ಯಾವ್ದೋ?”

“ಮನ್ಯಾಗ ಆಡತೇವಲ್ರಿ, ಅದು.”

ಸಿದ್ದಿಯರು ಮನೆಯಲ್ಲಾಡುವುದು ಕೊಂಕಣಿಯದೇ ಒಂದು ರೂಪ. ಅದರಲ್ಲಿ ಮರಾಠಿ, ಕನ್ನಡ ಎಲ್ಲವೂ ಬೆರೆತಿರುತ್ತವೆ. ನಾನು ನಗುತ್ತ, “ಅದು ಭಾಷಾ ಅಲ್ಲಪಾ, ಮನೀ ಮಾತು. ರೇಡಿಯೋದಾಗ ಭಾಷಾ ಅಷ್ಟ ಬರತಾವ” ಎಂದೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗ ಕುಳಿತುಕೊಂಡ. ಆ ವರ್ಷವೆಲ್ಲ ಅವನು ಮತ್ತೆ ನನ್ನನ್ನು ಏನನ್ನೂ ಕೇಳಲಿಲ್ಲ. ಉತ್ತರ ಹೇಳಿದೆನೆಂಬ ಸಮಾಧಾನದಲ್ಲಿ ನಾನು ಅದನ್ನು ಮರೆತೂಬಿಟ್ಟೆ.

ಮರೆತದ್ದು ನೆನಪಾದುದು ಸುಮಾರು ಹದಿನೇಳು ಹದಿನೆಂಟು ವರ್ಷಗಳ ಮೇಲೆ, ಕೋಲಾರ ಜಿಲ್ಲೆಯ ಬೂದಿಕೋಟೆಯ ವಿಷಯವನ್ನು ಓದಿದಾಗ. ಅದಕ್ಕೆ ಬರುವ ಮುನ್ನ ಸ್ವಲ್ಪ ಹಿಂದೆ ಹೋಗಬೇಕು.

ಸರ್ಕಾರದ ನೆರಳಿಲ್ಲದೆ, ಆಸಕ್ತರ ದುಡಿಮೆಯಿಂದಲೇ ಬಾನುಲಿಯೊಂದು ನಡೆಯಬಲ್ಲದು ಎಂಬುದು ಕನ್ನಡಿಗರಿಗೆ ಹೊಸತಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ‘ವಿಠ್ಠಲ ವಿಹಾರ’ವೆಂಬ ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವನ್ನು ತೆರೆದರು. ಪ್ರೇಷಕದ ಶಕ್ತಿ ಕೇವಲ 30 ವಾಟ್. ನಮ್ಮ ಮನೆಯ ಮಂದ ಬೆಳಕಿನ ಬಲ್ಬಿಗೂ ಅದಕ್ಕಿಂತ ಹೆಚ್ಚಿನ ಶಕ್ತಿಯಿತ್ತು. ದೇಶದ ಪ್ರಸಾರ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದುದೇ 1936ರ ಜೂನ್‌ನಲ್ಲಿ. ಅದಕ್ಕೆ ಮೊದಲೇ ಮೈಸೂರಿನ ಮೇಷ್ಟರೊಬ್ಬರ ಮನೆಯಿಂದ ಕನ್ನಡ ಹೊರಟಿತ್ತು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದೂ ಅಲ್ಲಿಯೇ. ಅದನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುವುದುಂಟು. ಇಡೀ ದೇಶದ ಬಾನುಲಿ ಆ ಹೆಸರನ್ನು ತನ್ನದಾಗಿಸಿಕೊಂಡದ್ದು 1950ರ ದಶಕದ ಉತ್ತರಾರ್ಧದಲ್ಲಿ.

ಗೋಪಾಲಸ್ವಾಮಿಯವರು ಸ್ವಂತ ಹಣವನ್ನು ಸುರಿದರು, ಮುಂದೆ 250 ವಾಟ್‌ನ ಪ್ರೇಷಕವನ್ನೂ ತರಿಸಿದರು, ನಗರಸಭೆಯವರೂ ನೆರವಾದರು. ಆದರೆ ಒಬ್ಬ ಮನುಷ್ಯನ ಜೇಬಿನ ಮೇಲೆ ಬಾನುಲಿ ಎಷ್ಟು ದಿನ ನಿಂತೀತು? 1940ರ ದಶಕದ ಆರಂಭದಲ್ಲಿ ಅದು ಮೈಸೂರು ಸಂಸ್ಥಾನದ ವಶಕ್ಕೆ ಹೋಯಿತು. 1950ರಲ್ಲಿ ಭಾರತ ಸರ್ಕಾರದ್ದಾಯಿತು. 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಸ್ಥಳಾಂತರವೂ ಆಯಿತು. ಮೈಸೂರಿಗೆ ಪುನಃ ತನ್ನ ಕೇಂದ್ರ ದೊರೆತದ್ದು 1974ರಲ್ಲಿ. ನಾನು ಈ ಕಥೆಯನ್ನು ತರಗತಿಯಲ್ಲಿ ಅನೇಕ ಸಲ ಅಭಿಮಾನದಿಂದ ಹೇಳಿದ್ದೇನೆ. ಒಂದು ಮೇಷ್ಟರ ಮನೆಯ ಬಾನುಲಿ ಸರ್ಕಾರದ್ದಾದಾಗ ಪಡೆದುದೇನು, ಕಳೆದುಕೊಂಡುದೇನು ಎಂಬ ಪ್ರಶ್ನೆ ಆಗ ನನಗೆ ಹೊಳೆದಿರಲಿಲ್ಲ.

ಸ್ವತಂತ್ರ ಭಾರತದಲ್ಲಿಯೂ 1885ರ ಟೆಲಿಗ್ರಾಫ್ ಕಾಯ್ದೆಯೇ ಮುಂದುವರಿಯಿತು. ಗಾಳಿಯ ಅಲೆಗಳೆಲ್ಲ ಸರ್ಕಾರದ ಸ್ವತ್ತು. 1995ರ ಫೆಬ್ರುವರಿ 9ರಂದು ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪನ್ನಿತ್ತಿತು. ವ್ಯಾಜ್ಯ ಹುಟ್ಟಿದ್ದು ಕ್ರಿಕೆಟ್ ಪಂದ್ಯದ ದೂರದರ್ಶನ ಪ್ರಸಾರದ ಹಕ್ಕಿನ ಬಗ್ಗೆ. ಬಂಗಾಳದ ಕ್ರಿಕೆಟ್ ಸಂಸ್ಥೆ ಒಂದು ಪಕ್ಷ, ವಾರ್ತಾ ಇಲಾಖೆ ಇನ್ನೊಂದು. ನ್ಯಾಯಮೂರ್ತಿ ಪಿ.ಬಿ. ಸಾವಂತರು ಮುಖ್ಯ ತೀರ್ಪನ್ನು ಬರೆದರು. ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ನ್ಯಾಯಾಲಯ ಸಾರಿತು. ಕ್ರಿಕೆಟ್ಟಿನಿಂದ ದೇಶಕ್ಕೆ ಒಂದು ಒಳ್ಳೆಯ ಕೆಲಸವಾಯಿತೆಂದು ನಾನು ಒಪ್ಪಿಕೊಳ್ಳುವ ಏಕೈಕ ಸಂದರ್ಭವಿದು! ಮರುವರ್ಷವೇ ಬೆಂಗಳೂರಿನ ‘ವಾಯ್ಸಸ್’ ಸಂಸ್ಥೆಯ ಮುಂದಾಳತ್ವದಲ್ಲಿ ಸೇರಿದವರು ಸಮುದಾಯ ಬಾನುಲಿಗೆ ಅವಕಾಶ ಕೊಡಬೇಕೆಂಬ ‘ಬೆಂಗಳೂರು ಘೋಷಣೆ’ಯನ್ನು ಹೊರಡಿಸಿದರು. ನೆರೆಯ ನೇಪಾಳದಲ್ಲಿ 1997ರಲ್ಲಿಯೇ ರೇಡಿಯೋ ಸಾಗರಮಾಥಾ ದನಿ ತೆಗೆಯಿತು. ನಮ್ಮಲ್ಲಿ ಮಾತ್ರ ಕಡತಗಳು ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ತೆವಳುತ್ತಿದ್ದವು.

ಈಗ ಬೂದಿಕೋಟೆಗೆ ಬರೋಣ. ಬಂಗಾರಪೇಟೆ ತಾಲ್ಲೂಕಿನ ಈ ಊರು ಹೈದರ್ ಅಲಿಯ ಜನ್ಮಸ್ಥಳವೆಂದು ಇತಿಹಾಸದ ಪುಸ್ತಕಗಳಲ್ಲಿದೆ. ಅಲ್ಲಿ ‘ವಾಯ್ಸಸ್’ ಮತ್ತು ‘ಮೈರಾಡ’ ಸಂಸ್ಥೆಗಳು ಯುನೆಸ್ಕೋದ ನೆರವಿನೊಡನೆ 2001ರ ಸುಮಾರಿಗೆ ‘ನಮ್ಮ ಧ್ವನಿ’ ಎಂಬ ಧ್ವನಿಮುದ್ರಣ ಕೇಂದ್ರವನ್ನು ಕಟ್ಟಿದವು. ನಡೆಸಿದವರು ಸ್ವಸಹಾಯ ಸಂಘಗಳ ಹೆಂಗಸರು ಮತ್ತು ಊರಿನ ಹುಡುಗ ಹುಡುಗಿಯರು. ಧ್ವನಿಮುದ್ರಿಸುವುದನ್ನು, ಬೇಡದ್ದನ್ನು ಕತ್ತರಿಸಿ ಜೋಡಿಸುವುದನ್ನು ಅವರು ಕಲಿತರು. ಬೇಸಾಯ, ಆರೋಗ್ಯ, ಸಂಘದ ಲೆಕ್ಕ, ಊರ ಹಾಡು ಎಲ್ಲದರ ಬಗೆಗೂ ಕಾರ್ಯಕ್ರಮಗಳು ಸಿದ್ಧವಾದವು. ಆದರೆ ಅವುಗಳನ್ನು ಗಾಳಿಗೆ ಬಿಡುವಂತಿಲ್ಲ! ಬಿಟ್ಟರೆ ಅಪರಾಧ.

ಅವರು ಕಂಡುಕೊಂಡ ಉಪಾಯವನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಮೊದಮೊದಲು ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಿಗೂ ಶಾಲೆಗಳಿಗೂ ಒಯ್ದು ಕೇಳಿಸಿದರು, ಧ್ವನಿವರ್ಧಕದಲ್ಲಿ ಹಾಕಿದರು. ಆಮೇಲೆ ಊರಿನ ಕೇಬಲ್ ಟಿವಿಯವನ ತಂತಿಯನ್ನೇ ಹಿಡಿದರು. ಗಾಳಿಗೆ ಕಾನೂನಿತ್ತು, ತಂತಿಗೆ ಅಡ್ಡಿಯಿರಲಿಲ್ಲ. ಸ್ಟುಡಿಯೋದಿಂದ ಹೊರಟ ಧ್ವನಿ ಕೇಬಲ್ ಮೂಲಕ ಮನೆಮನೆಯ ಟಿವಿಗೆ ತಲುಪಿತು. ಚಿತ್ರವಿಲ್ಲ, ಮಾತು ಮಾತ್ರ. ಊರಿನವರು ಟಿವಿಯ ಮುಂದೆ ಕುಳಿತು ತಮ್ಮದೇ ಓಣಿಯ ಹೆಂಗಸಿನ ದನಿಯನ್ನು ಕೇಳಿದರು. ತೆಲುಗು ನಾಡಿನ ಅಂಚಿನಲ್ಲಿರುವ ಆ ಸೀಮೆಯಲ್ಲಿ ಮನೆಮಾತು ಬೇರೆ, ಶಾಲೆಯ ಮಾತು ಬೇರೆ ಎಂಬುದು ನಮ್ಮ ಹಳಿಯಾಳದ ಹಾಗೆಯೇ ನಿತ್ಯದ ಸಂಗತಿ. ಅದನ್ನು ಓದುತ್ತಿದ್ದಾಗಲೇ ನನ್ನ ಕಿವಿಯಲ್ಲಿ ಆ ಹಳೆಯ ಪ್ರಶ್ನೆ ಮತ್ತೆ ಕೇಳಿಸಿತು: ಇದರಾಗ ನಮ್ಮ ಮಾತ ಬರೂದಿಲ್ಲೇನ್ರಿ?

ಕಾನೂನು ಮೆಲ್ಲಮೆಲ್ಲನೆ ಸಡಿಲವಾಯಿತು. 2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೆ ಮಾತ್ರ ಬಾಗಿಲು ತೆರೆಯಿತು. 2004ರ ಫೆಬ್ರುವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಮೊದಲ ನಿಲಯವನ್ನು ಆರಂಭಿಸಿತು. 2006ರ ನವೆಂಬರಿನ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶವಿತ್ತಿತು. 2008ರ ಅಕ್ಟೋಬರ್ 15ರಂದು ಆಗಿನ ಮೇದಕ್ ಜಿಲ್ಲೆಯ ಮಾಚನೂರಿನಲ್ಲಿ ದಲಿತ ಹೆಂಗಸರೇ ನಡೆಸುವ ‘ಸಂಘಂ ರೇಡಿಯೋ’ ಗಾಳಿಗೇರಿತು. ಕರ್ನಾಟಕದಲ್ಲಿ 2007ರಲ್ಲಿ ಬೆಂಗಳೂರಿನ ಜೈನ್ ಸಂಸ್ಥೆಯ ‘ರೇಡಿಯೋ ಆಕ್ಟಿವ್’, ಅದೇ ವರ್ಷ ನಮ್ಮ ನೆರೆಯ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ನಿಲಯ, ಮುಂದೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ‘ರೇಡಿಯೋ ಸಾರಂಗ್’, ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ‘ಜನಧ್ವನಿ’. ಸಾರಂಗಿನಲ್ಲಿ ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ ಮಾತುಗಳೂ ಬಂದವು. ಬ್ಯಾರಿ! ನಾನು 1986ರಲ್ಲಿ ಕೊಟ್ಟ ಉತ್ತರದ ಪ್ರಕಾರ ಅದೂ ‘ಮನೀ ಮಾತೇ’ ಅಲ್ಲವೇ?

ನಿವೃತ್ತಿಯಾದ ಮೇಲೆ ದಾಂಡೇಲಿಯ ನಾವು ಆರು ಜನ ಗೆಳೆಯರು ಸೇರಿ, ಇಲ್ಲಿಯೂ ಇಂಥದೊಂದನ್ನು ಮಾಡಬಾರದೇಕೆಂದು ಚರ್ಚಿಸಿದೆವು. ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಷ್ಟು ಬಗೆಬಗೆಯ ಮಾತುಗಳಿರುವ ಪ್ರದೇಶ ನಾಡಿನಲ್ಲಿ ವಿರಳ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಇದ್ದೇ ಇವೆ. ಜೋಯಿಡಾದ ಕುಣಬಿಯರು, ಗೌಳಿವಾಡಗಳ ಗೌಳಿಗರು, ಸಿದ್ದಿಯರು, ಮುಂಡಗೋಡದಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟಿಯನ್ನರು. ಸೂಪಾ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರುಗಳ ಹಾಡುಗಳೂ ಕಥೆಗಳೂ ಇನ್ನೂ ಕೆಲವು ಮುದುಕರ ಬಾಯಲ್ಲಿವೆ.

ಉತ್ಸಾಹದಿಂದ ನಿಯಮಗಳನ್ನು ಓದತೊಡಗಿದೆವು. ಪ್ರೇಷಣದ ಶಕ್ತಿ 100 ವಾಟ್, ಗೋಪುರದ ಎತ್ತರ 30 ಮೀಟರ್ ಎಂಬ ಮಿತಿ. ಬಯಲುಸೀಮೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಕೇಳಿಸೀತು. ಆದರೆ ಎಫ್.ಎಂ. ಅಲೆ ಕಣ್ಣಿನ ದೃಷ್ಟಿಯಂತೆ ನೇರವಾಗಿ ಹೋಗುವುದು. ಗುಡ್ಡ ಅಡ್ಡ ಬಂದರೆ ಮುಗಿಯಿತು. ದಾಂಡೇಲಿಯಲ್ಲಿ ಕಂಬ ನೆಟ್ಟರೆ ಜೋಯಿಡಾದ ಕಣಿವೆಯ ಕುಣಬಿಯ ಮನೆಗೆ ಅದು ಮುಟ್ಟುವುದಿಲ್ಲ. ಯಾರಿಗಾಗಿ ಬೇಕೋ ಅವರಿಗೇ ಇಲ್ಲ. ಅರ್ಜಿ ಹಾಕುವ ಸಂಸ್ಥೆಗೆ ಕೆಲವು ವರ್ಷಗಳ ಸೇವೆಯ ದಾಖಲೆಯಿರಬೇಕು. ಹಲವು ಇಲಾಖೆಗಳ ಒಪ್ಪಿಗೆ ಬೇಕು. ಸ್ವಂತ ಸುದ್ದಿಯನ್ನು ಪ್ರಸಾರ ಮಾಡುವಂತಿಲ್ಲ. ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆಯನ್ನು ಕೇಳಿದವರು ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಗೆಳೆಯರು: “ಮೊದಲ ವರ್ಷ ನಾವೆಲ್ಲ ಪುಕ್ಕಟೆ ದುಡೀತೀವ್ರಿ. ನಾಕನೇ ವರ್ಷ ಕರೆಂಟ್ ಬಿಲ್ ಯಾರು ಕಟ್ಟೋರು?”

ಇದು ಲಘುವಾದ ಪ್ರಶ್ನೆಯಲ್ಲ. ಗೋಪಾಲಸ್ವಾಮಿಯವರನ್ನೂ ಕಾಡಿದ್ದು ಇದೇ. ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ 1940ರ ದಶಕದ ಕೊನೆಯಿಂದ ತವರದ ಗಣಿಯ ಕಾರ್ಮಿಕರು ಸಂಬಳದಲ್ಲಿ ಒಂದಿಷ್ಟು ಪಾಲು ತೆಗೆದಿಟ್ಟು ತಮ್ಮದೇ ಬಾನುಲಿಗಳನ್ನು ದಶಕಗಳ ಕಾಲ ನಡೆಸಿದರು. ಸೈನಿಕರು ಬಂದು ಯಂತ್ರಗಳನ್ನು ಒಡೆದಾಗಲೂ ಮತ್ತೆ ಕಟ್ಟಿದರು. ಗಣಿಗಳೇ ಮುಚ್ಚತೊಡಗಿದಾಗ ಆ ಬಾನುಲಿಗಳೂ ಒಂದೊಂದಾಗಿ ಮೂಕವಾದವು. ಸ್ವಯಂಸೇವೆಯೆಂದರೆ ಖರ್ಚಿಲ್ಲದ್ದು ಎಂದು ತಿಳಿಯುವವರೇ ಹೆಚ್ಚು. ದುಡಿಯುವ ಹುಡುಗಿಗೆ ಮದುವೆಯಾಗುತ್ತದೆ, ಹುಡುಗನಿಗೆ ಹುಬ್ಬಳ್ಳಿಯಲ್ಲೋ ಗೋವೆಯಲ್ಲೋ ಕೆಲಸ ಸಿಗುತ್ತದೆ, ಮತ್ತೆ ಮೊದಲಿನಿಂದ ಕಲಿಸಬೇಕು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯ ವಾರ್ಷಿಕೋತ್ಸವಗಳನ್ನು ನಡೆಸಿದ ನನಗೆ ಅದರ ಕಷ್ಟ ಗೊತ್ತು.

ನಮ್ಮ ಯೋಜನೆ ಮೂರನೆಯ ಸಭೆಯಲ್ಲಿಯೇ ನಿಂತುಹೋಯಿತು. ನಾಲ್ಕನೆಯ ಸಭೆಯನ್ನು ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ.

ಕಳೆದ ಮಳೆಗಾಲದಲ್ಲಿ ಹಳಿಯಾಳದ ಬಸ್ ನಿಲ್ದಾಣದಲ್ಲಿ ಒಬ್ಬಾತ ಬಂದು ಕಾಲು ಮುಟ್ಟಿ ನಮಸ್ಕರಿಸಿದ. ಕೂದಲು ನರೆತಿತ್ತು. ಗುರುತು ಹಿಡಿಯಲು ನನಗೆ ಹೊತ್ತು ಹಿಡಿಯಿತು, ಅವನಿಗಲ್ಲ. ಚಹಾ ಕುಡಿಯುತ್ತ ಕುಳಿತಾಗ, ಹೇಳಲೋ ಬೇಡವೋ ಎಂದುಕೊಂಡು ಕೊನೆಗೆ ಆ ದಿನದ ಮಾತನ್ನು ನಾನೇ ಎತ್ತಿದೆ. ಅವನು ಲೋಟ ಕೆಳಗಿಟ್ಟು ನಕ್ಕ.

“ನೆನಪೈತ್ರಿ ಸರ. ಎಲ್ಲಾರೂ ನಕ್ಕಿದ್ರು.”

“ತಪ್ಪು ಹೇಳಿದ್ದೆ ನಾ.”

ಅವನು ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಈಗ ನನ್ನ ಮಕ್ಕಳಿಗೇ ಬರೂದಿಲ್ರಿ ಆ ಮಾತು. ಸಾಲೀ ಹುಡುಗರು ನಗತಾರಂತ ಸಣ್ಣಾವಿದ್ದಾಗಿಂದ ಕನ್ನಡಾನ ಆಡಸೇವಿ” ಎಂದ. ನಾನು ಚಹಾದ ಲೋಟವನ್ನೇ ನೋಡುತ್ತ ಕುಳಿತೆ. ಏಳುವಾಗ ಅವನೇ ಹೇಳಿದ: “ಅವ್ವ ಅದಾಳ್ರಿ ಇನ್ನಾ. ಹಾಡು, ಕಥಿ ಎಲ್ಲಾ ಅಕೀ ಕಡೆ ಅದಾವ. ಬರ್ರಿ ಒಮ್ಮಿ.”

ಹೋದೆ. ಮೊಮ್ಮಗಳು ಹೇಳಿಕೊಟ್ಟಂತೆ ಮೊಬೈಲಿನ ಧ್ವನಿಮುದ್ರಕವನ್ನು ಒತ್ತಿ, ಅದನ್ನು ಆ ತಾಯಿಯ ಮುಂದೆ ಮಣೆಯ ಮೇಲಿಟ್ಟೆ. ನಲವತ್ತು ನಿಮಿಷ ಆಕೆ ಹಾಡಿದರು, ನಡುನಡುವೆ ಎಲೆ ಅಡಿಕೆಗಾಗಿ ನಿಲ್ಲಿಸಿದರು. ನನಗೆ ಅರ್ಧವೂ ಅರ್ಥವಾಗಲಿಲ್ಲ. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಜೋರಾಗಿ ಸೇರಿಕೊಂಡಿದೆ, ಆಕಾಶವಾಣಿಯವರಾಗಿದ್ದರೆ ತಿರಸ್ಕರಿಸುತ್ತಿದ್ದರು. ಕೊನೆಯಲ್ಲಿ ಆಕೆ ಮಗನ ಕಡೆ ತಿರುಗಿ ಏನೋ ಕೇಳಿದರು. ಇದನ್ನು ಯಾರು ಕೇಳುತ್ತಾರೆ ಎಂದು ಕೇಳುತ್ತಿದ್ದಾಳೆಂದು ಅವನು ತಿಳಿಸಿದ. ಮೊದಲು ನಿನ್ನ ಮಕ್ಕಳಿಗೆ ಕೇಳಿಸು ಎಂದು ಆ ಮುದ್ರಿಕೆಯನ್ನು ಅವನ ಮೊಬೈಲಿಗೆ ಕಳುಹಿಸಿದೆ. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಹಳಿಯಾಳ ತಲುಪಿದ ಮೇಲೆ ಹೋಯಿತು.