ಟ್ಯಾಪೆಟ್ ಸದ್ದಿನಿಂದ ಹಳದಿ ದೀಪದವರೆಗೆ

ಬಾಳೂರು, ಕಳಸದ ಕಡೆಯ ರಸ್ತೆಗಳ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ರಾಜಮಹಾರಾಜರಿಂದ ಶುರು ಮಾಡಬೇಕಾಗಿಲ್ಲ. ಜೀಪಿನಿಂದ ಶುರು ಮಾಡಿದರೆ ಸಾಕು. ಮಳೆಗಾಲದ ಕೆಸರಿನಲ್ಲಿ ಕಾಫಿ ಮೂಟೆ, ತೋಟದ ಆಳುಗಳು, ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸರು ಎಲ್ಲರನ್ನೂ ಹೊತ್ತದ್ದು ಅದೇ. ಅದು ದಾರಿಯಲ್ಲಿ ಕೆಟ್ಟು ನಿಂತರೆ ಬೇರೆ ಗತಿ ಇರಲಿಲ್ಲ. ಹಾಗಾಗಿ ಎಂಜಿನ್ನಿನ ಕಾಯಿಲೆ ಪತ್ತೆ ಮಾಡುವ ವಿದ್ಯೆ ನಮ್ಮ ಕಡೆ ಬರೀ ಕಸುಬಾಗಿರಲಿಲ್ಲ, ಮಳೆಗಾಲಕ್ಕೆ ಸೌದೆ ಕೂಡಿಡುವಷ್ಟೇ ಅಗತ್ಯವಾಗಿತ್ತು.

ಈ ವಿದ್ಯೆ ಸುಮಾರು ಎಪ್ಪತ್ತು ವರ್ಷಗಳಲ್ಲಿ ಕಿವಿಯಿಂದ ದೀಪಕ್ಕೆ ಬಂದಿದೆ. ಅದು ಬಂದ ದಾರಿಯನ್ನು ನೋಡಲು ಎಂಜಿನ್ನಿನ ಒಂದೇ ಒಂದು ಭಾಗ ಸಾಕು: ಸುಟ್ಟ ಹೊಗೆಯನ್ನು ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್.

ಎರಡನೆಯ ಮಹಾಯುದ್ಧಕ್ಕೆಂದು ಹುಟ್ಟಿದ ವಿಲ್ಲೀಸ್ ಜೀಪನ್ನು ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯ ಹೊತ್ತಿಗೆ, ಮುಂಬಯಿಯಲ್ಲಿ ಮಹೀಂದ್ರ ಕಂಪನಿ ಜೋಡಿಸತೊಡಗಿತು. ಮೊದಲ ಜೀಪುಗಳ ಎಂಜಿನ್ನಿನಲ್ಲಿ ಎರಡೂ ಬಗೆಯ ವಾಲ್ವುಗಳು ಬ್ಲಾಕಿನ ಪಕ್ಕದಲ್ಲೇ ಇದ್ದವು. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಪೆಟ್ರೋಲು ಗಾಳಿ ಒಳಗೆ ಬರುವ ವಾಲ್ವ್ ಹೆಡ್ಡಿಗೆ ಏರಿತು, ಎಕ್ಸಾಸ್ಟ್ ವಾಲ್ವ್ ಮಾತ್ರ ಬ್ಲಾಕಿನಲ್ಲೇ ಉಳಿಯಿತು. ಪಕ್ಕದ ಮುಚ್ಚಳ ಬಿಚ್ಚಿ, ಎರಡು ಸ್ಪ್ಯಾನರು ಹಿಡಿದು, ಫೀಲರ್ ಗೇಜಿನ ತೆಳು ತಗಡು ತೂರಿಸಿ ಟ್ಯಾಪೆಟ್ಟಿನ ಸಂದು ನೋಡಬೇಕು. ಒಂದು ಇಂಚಿನ ಸಾವಿರ ಭಾಗದಲ್ಲಿ ಹದಿನಾರು ಭಾಗದಷ್ಟು ಸಂದು.

ಸಂದು ಹೆಚ್ಚಾದರೆ ಟಕಟಕ ಸದ್ದು. ಯಾರಿಗಾದರೂ ಕೇಳುತ್ತದೆ. ಕಡಿಮೆಯಾದರೆ ಸದ್ದೇ ಇಲ್ಲ. ಆದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರದೆ, ಬೆಂಕಿಯಂಥ ಹೊಗೆ ಆ ಸಂದಿನಲ್ಲಿ ನುಗ್ಗಿ, ಅಂಚು ಸುಟ್ಟುಹೋಗುತ್ತದೆ. ಆದ್ದರಿಂದಲೇ ಹಳೆಯ ಮೆಕ್ಯಾನಿಕ್ಕುಗಳು ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದು ಮಾಡದ ಟ್ಯಾಪೆಟ್ಟಿಗೆ ಹೆಚ್ಚು ಹೆದರುತ್ತಿದ್ದರು. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ಹೊಗೆ ಒಂದೇ ಸಮನೆ ಬರುತ್ತದೆಯೋ ತಪ್ಪಿ ತಪ್ಪಿ ಬರುತ್ತದೆಯೋ ನೋಡುವುದು. ಪ್ಲಗ್ಗಿನ ವಯರನ್ನು ಒಂದೊಂದಾಗಿ ಕೀಳುವುದು. ಯಾವುದನ್ನು ಕಿತ್ತರೂ ಎಂಜಿನ್ನಿನ ಓಟ ಬದಲಾಗುವುದಿಲ್ಲವೋ ಆ ಸಿಲಿಂಡರ್ ಸತ್ತಿದೆ ಎಂದರ್ಥ. ಅದರೊಳಕ್ಕೆ ಚೂರು ಎಣ್ಣೆ ಬಿಟ್ಟು ಕಂಪ್ರೆಷನ್ ನೋಡುವುದು. ಏರಿದರೆ ದೋಷ ಪಿಸ್ಟನ್ ರಿಂಗಿನದು, ಏರದಿದ್ದರೆ ಬಹುಪಾಲು ವಾಲ್ವಿನದು. ಇದನ್ನು ಕೈಗುಣ ಎಂದು ಜನ ಹೊಗಳುತ್ತಿದ್ದರು. ನಿಜವಾಗಿ ಅದು ತರ್ಕ. ತಪ್ಪಿಲ್ಲದ್ದನ್ನು ಒಂದೊಂದಾಗಿ ಬಿಡುತ್ತಾ ತಪ್ಪಿದ್ದಲ್ಲಿಗೆ ತಲುಪುವ ತರ್ಕ.

ಈ ಹೊತ್ತಿಗಾಗಲೇ ದೂರದ ಲಾಸ್ ಏಂಜಲೀಸಿನಲ್ಲಿ ಬೇರೊಂದು ಕತೆ ನಡೆಯುತ್ತಿತ್ತು. 1943ರಲ್ಲಿ ಆ ಊರನ್ನು ಕಣ್ಣುರಿಸುವ ಹೊಗೆಮಂಜು ಕವಿಯಿತು. ಅದಕ್ಕೆ ಕಾರುಗಳ ಹೊಗೆಯೂ ಬಿಸಿಲೂ ಸೇರಿ ನಡೆಯುವ ರಾಸಾಯನಿಕ ಕ್ರಿಯೆ ಕಾರಣವೆಂದು ಹಾಗನ್-ಸ್ಮಿಟ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ತೋರಿಸಿದರು. ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಹೊಗೆ ಕೆಟ್ಟರೆ ಗಾಡಿಯೇ ಅದನ್ನು ತಿಳಿದು ದೀಪ ಹತ್ತಿಸಬೇಕೆಂಬ ನಿಯಮ 1988ರ ಮಾದರಿಯ ಕಾರುಗಳಿಂದ ಅಲ್ಲಿ ಜಾರಿಗೆ ಬಂತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಸಾಕೆಟ್, ಒಂದೇ ಬಗೆಯ ಕೋಡ್ ಆಯಿತು. ನಮ್ಮಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಗಾಳಿಗಾಗಿ ಕೊಟ್ಟ ಆದೇಶದಿಂದ ಈ ಓಟಕ್ಕೆ ವೇಗ ಬಂತು. ಭಾರತ್ ಸ್ಟೇಜ್ ನಾಲ್ಕು 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಂತು, ಐದನ್ನು ಹಾರಿ 2020ರ ಏಪ್ರಿಲ್‌ನಲ್ಲಿ ಆರು ಬಂತು. ಲಾಸ್ ಏಂಜಲೀಸಿನ ಹೊಗೆಮಂಜಿಗೂ ಬಾಳೂರಿನ ಆಷಾಢದ ಮಂಜಿಗೂ ಏನೇನೂ ಸಂಬಂಧವಿಲ್ಲ. ಆದರೂ ಆ ಮಂಜು ಹುಟ್ಟಿಸಿದ ಹಳದಿ ದೀಪ ನಮ್ಮ ಗಾಡಿಗಳೊಳಗೆ ಬಂದು ಕೂತಿದೆ.

ಈಗಿನ ಹಲವು ಪೆಟ್ರೋಲ್ ಎಂಜಿನ್ನುಗಳಲ್ಲಿ, 2020ರ ಡಿಸೈರಿಗೆ ಮಾರುತಿ ಹಾಕಿದ ಎಂಜಿನ್ನಿನ ಹಾಗೆ, ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತು ಓಡುತ್ತಿರುವಾಗಲೇ ಹಿಂದುಮುಂದಾಗುತ್ತದೆ. ಒಂದು ಸಣ್ಣ ಸೊಲೆನಾಯ್ಡ್ ಎಂಜಿನ್ ಆಯಿಲಿನ ಒತ್ತಡವನ್ನು ಅತ್ತಿತ್ತ ತಿರುಗಿಸಿ ಕ್ಯಾಮ್ ಶಾಫ್ಟನ್ನು ಕೊಂಚ ಹೊರಳಿಸುತ್ತದೆ. ಸೊಲೆನಾಯ್ಡಿಗೆ ಅಪ್ಪಣೆ ಕೊಡುವುದು ಇಸಿಎಂ ಎಂಬ ಕಂಪ್ಯೂಟರ್ ಡಬ್ಬಿ. ಸಾಮಾನ್ಯವಾಗಿ ಅಲ್ಲಿಗೆ ಎರಡು ವಯರು: ಒಂದರಲ್ಲಿ ಬ್ಯಾಟರಿಯ ಕರೆಂಟು ಬರುತ್ತದೆ, ಇನ್ನೊಂದನ್ನು ಇಸಿಎಂ ಬೇಕಾದಾಗ ಅರ್ತ್ ಮಾಡುತ್ತದೆ. ಆ ಎರಡನೆಯ ವಯರಿನ ವೋಲ್ಟೇಜನ್ನು ಅದು ಕಾಯುತ್ತಲೂ ಇರುತ್ತದೆ. ಅದು ಇರಬೇಕಾದ ಹಾಗೆ ಇಲ್ಲದಿದ್ದರೆ ಪಿ 0078, ಸದಾ ಕಡಿಮೆ ಇದ್ದರೆ 0079, ಸದಾ ಹೆಚ್ಚಿದ್ದರೆ 0080 ಎಂದು ಬರೆದಿಟ್ಟು ದೀಪ ಹತ್ತಿಸುತ್ತದೆ.

ನೆರೆಯ ತೋಟದವರೊಬ್ಬರ ಕಾರಿನಲ್ಲಿ ಒಂದು ಮಳೆಗಾಲ ಈ 0079 ಬಂತು. ವಯಸ್ಸಾದ ತಾಯಿಯನ್ನು ಪದೇ ಪದೇ ಚಾರ್ಮಾಡಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವ ಕಾರು ಅದು. ಪೇಟೆಯ ಒಂದು ವರ್ಕ್‌ಶಾಪಿನವರು ಸೊಲೆನಾಯ್ಡ್ ಬದಲಿಸಿ ನೋಡೋಣ, ಆಗದಿದ್ದರೆ ಇಸಿಎಂ ಬದಲಿಸೋಣ ಎಂದು ಪಟ್ಟಿ ಕೊಟ್ಟರು. ಅವರು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ನಮ್ಮೂರ ಕಡೆಯ ಹುಡುಗನೊಬ್ಬನ ಗ್ಯಾರೇಜಿಗೆ ಬಂದರು. ಅವನು ಕೋಡ್ ನೋಡಿ, “ಇದು ಕಾಯ್ಲೆ ಹೆಸರಲ್ಲ ಸಾರ್, ಬೀದಿ ಹೆಸರು. ಮನೆ ನಾವೇ ಹುಡುಕ್ಬೇಕು” ಅಂದ.

ಹುಡುಕಿದ್ದು ಹೀಗೆ. ಸೊಲೆನಾಯ್ಡಿನ ಕನೆಕ್ಟರ್ ಬಿಚ್ಚಿ ಕಾಯಿಲಿಗೆ ಮೀಟರ್ ಹಿಡಿದ: ಎಂಟು ಓಮ್, ಆ ಗಾಡಿಗೆ ಸರಿ. ಕೀ ಆನ್ ಮಾಡಿ ಮೊದಲ ವಯರು ನೋಡಿದ: ಹನ್ನೆರಡು ವೋಲ್ಟ್ ಬರುತ್ತಿದೆ. ಅಲ್ಲಿಗೆ ಸೊಲೆನಾಯ್ಡೂ ಕರೆಂಟೂ ನಿರಪರಾಧಿಗಳು. ಬ್ಯಾಟರಿ ಕಳಚಿ, ಇಸಿಎಂ ಕಡೆಯ ಕನೆಕ್ಟರನ್ನೂ ಬಿಚ್ಚಿ, ಎರಡನೆಯ ವಯರಿಗೂ ಗಾಡಿಯ ಬಾಡಿಗೂ ಮೀಟರ್ ಹಿಡಿದಾಗ ಅದು ಬೀಪ್ ಎಂದಿತು. ಅನ್ನಬಾರದಿತ್ತು. ವಯರಿನ ಜಾಡು ಹಿಡಿದು ಹೋದರೆ ಬ್ಯಾಟರಿಯ ಕೆಳಗೆ ಇಲಿ ಕಡಿದು ಬೆತ್ತಲಾದ ತಾಮ್ರ ಕಬ್ಬಿಣಕ್ಕೆ ಒರಗಿಕೊಂಡಿತ್ತು. ಕತ್ತರಿಸಿ, ಬೆಸುಗೆ ಹಾಕಿ, ಸ್ಲೀವ್ ಏರಿಸಿದ. ಕೋಡ್ ಅಳಿಸಿದ ಮೇಲೆ ದೀಪ ಮತ್ತೆ ಹತ್ತಲಿಲ್ಲ. ಆಯಿಲ್ ಕೊಳಕಾಗಿ ಕ್ಯಾಮ್ ತಿರುಗದಿದ್ದರೆ ಬೇರೆ ಕೋಡ್ ಬರುತ್ತದೆ, ಅದಕ್ಕೂ ಇದಕ್ಕೂ ಗೊಂದಲ ಮಾಡಿಕೊಳ್ಳಬಾರದು ಎಂದೂ ಹೇಳಿದ.

ಪ್ಲಗ್ಗಿನ ವಯರು ಒಂದೊಂದಾಗಿ ಕಿತ್ತು ಸತ್ತ ಸಿಲಿಂಡರ್ ಹುಡುಕಿದವರಿಗೂ ಈ ಹುಡುಗನಿಗೂ ನಡುವೆ ಎರಡು ತಲೆಮಾರು ಕಳೆದಿವೆ. ಕಿವಿಯ ಜಾಗಕ್ಕೆ ಮೀಟರ್ ಬಂದಿದೆ, ತರ್ಕ ಬದಲಾಗಿಲ್ಲ. ದೀಪ ಹತ್ತಿದ ಕೂಡಲೆ ಭಾಗ ಬದಲಿಸುವವನು ತೀರ್ಪನ್ನು ದೀಪಕ್ಕೇ ಬಿಟ್ಟುಕೊಟ್ಟಿರುತ್ತಾನೆ. ದೀಪಕ್ಕೆ ಗೊತ್ತಿರುವುದು ಅನುಮಾನ ಮಾತ್ರ.

ಆದರೆ ಒಂದು ವ್ಯತ್ಯಾಸ ದೊಡ್ಡದು. ಜೀಪಿನ ಟ್ಯಾಪೆಟ್ ಮುಚ್ಚಳ ಬಿಚ್ಚಿದವನಿಗೆಲ್ಲ ಕಾಣುತ್ತಿತ್ತು. ವಯರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬ ನಕ್ಷೆ ಕಂಪನಿಯ ಕಪಾಟಿನಲ್ಲಿರುತ್ತದೆ. 2022ರ ಜುಲೈಯಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಾಗ ಪೇಟೆಯವರಿಗೆ ಅದು ಸಣ್ಣ ಸುದ್ದಿಯಾಗಿ ಕಂಡಿರಬಹುದು. ಆ ನಕ್ಷೆ ಹಳ್ಳಿಯ ಗ್ಯಾರೇಜಿಗೆ ಸಿಗದಿದ್ದರೆ ತರ್ಕ ಬಲ್ಲ ಹುಡುಗನೂ ಕೈಕಟ್ಟಿ ಕೂರಬೇಕಾಗುತ್ತದೆ. ಆಮೇಲೆ ಇಲಿ ಕಡಿದ ಒಂದು ಗೇಣು ವಯರಿಗಾಗಿ ಗಾಡಿಯನ್ನು ಲಾರಿಯ ಮೇಲೆ ಹೇರಿ ಘಾಟಿ ಇಳಿಸಬೇಕು. ಅದೂ ಘಾಟಿ ತೆರೆದಿದ್ದರೆ.