ಮರಿಗೆ ಗುದ್ದಲಿಯಾದ ಕಥೆ

ಇಂಗ್ಲಿಷಿನ ನುಡಿಗಟ್ಟುಗಳನ್ನು ಗ್ರೀಕ್ ಭಾಷೆಗೆ ಅನುವಾದಿಸುವವರಿಗೆ ಒಂದು ವಿಚಿತ್ರ ಸಂಕಟವಿದೆ. ತಾವು ಹೊತ್ತು ತರುತ್ತಿರುವುದು ಪರದೇಶದ ಸರಕೋ, ಎಂದೋ ತಮ್ಮ ಮನೆಯಿಂದಲೇ ಹೊರಟು ವೇಷ ಬದಲಿಸಿಕೊಂಡ ಮಾತೋ ಎಂಬುದು ಮೊದಲ ನೋಟಕ್ಕೆ ತಿಳಿಯುವುದಿಲ್ಲ.

'ಕಾಲ್ ಎ ಸ್ಪೇಡ್ ಎ ಸ್ಪೇಡ್' ಎಂಬುದನ್ನೇ ನೋಡೋಣ. ಇದ್ದುದನ್ನು ಇದ್ದ ಹಾಗೆ ಹೇಳುವುದಕ್ಕೆ ಪ್ರಾಚೀನ ಗ್ರೀಕರು ಅಂಜೂರವನ್ನು ಅಂಜೂರವೆಂದೂ ಮರಿಗೆಯನ್ನು ಮರಿಗೆಯೆಂದೂ ಕರೆಯುವುದು ಎನ್ನುತ್ತಿದ್ದರು. ಮ್ಯಾಸಿಡೋನಿಯದ ದೊರೆ ಫಿಲಿಪ್ಪನು ತನ್ನ ಜನ ಒರಟರು, ಮರಿಗೆಯನ್ನು ಮರಿಗೆಯೆಂದೇ ಕರೆಯುವವರು ಎಂದನೆಂಬ ಪ್ರಸಂಗವನ್ನು ಪ್ಲುಟಾರ್ಕ್ ದಾಖಲಿಸಿದ್ದಾನೆ. ಕ್ರಿ.ಶ. 2ನೆಯ ಶತಮಾನದ ಲೂಸಿಯನ್, ಇತಿಹಾಸಕಾರನಿಗೆ ಇರಬೇಕಾದ ಗುಣವನ್ನು ಹೇಳುವಾಗಲೂ ಇದೇ ಮಾತನ್ನು ಬಳಸಿದ್ದಾನೆ.

ಗ್ರೀಕಿನಲ್ಲಿ ಮರಿಗೆಗೆ 'ಸ್ಕಾಫೆ' ಎಂದು ಹೆಸರು; ಅಗೆಯುವುದು ಎಂಬರ್ಥದ ಧಾತುವಿಗೆ ಹತ್ತಿರದ ಶಬ್ದ. 16ನೆಯ ಶತಮಾನದಲ್ಲಿ ಎರಾಸ್ಮಸ್ ಈ ಮಾತನ್ನು ಲ್ಯಾಟಿನ್ನಿಗೆ ತಂದಾಗ ಮರಿಗೆ ಗುದ್ದಲಿಯಾಯಿತು. 1542ರಲ್ಲಿ ನಿಕೊಲಸ್ ಯೂಡಾಲ್ ಅವನ ಗ್ರಂಥವನ್ನು ಇಂಗ್ಲಿಷಿಗೆ ತಂದಾಗ ಗುದ್ದಲಿ ಸಲಿಕೆಯಾಯಿತು. ಇಂದು ಆ ಸಲಿಕೆಯನ್ನು ಹಾಗೆಯೇ ಗ್ರೀಕಿಗೆ ತಂದರೆ ಅಲ್ಲಿಯ ಓದುಗನಿಗೆ ಅದು ಅಪರಿಚಿತ. ಅವನ ಆಡುಮಾತಿನಲ್ಲಿ ಇಂದಿಗೂ ಇರುವುದು ಅಂಜೂರ ಮತ್ತು ಮರಿಗೆ. ಆದ್ದರಿಂದ ಇಲ್ಲಿ ಅನುವಾದವೆಂದರೆ ಹಳೆಯ ತಪ್ಪನ್ನು ತಿದ್ದಿ ಮಾತನ್ನು ಮನೆಗೆ ಮುಟ್ಟಿಸುವುದು.

ಎಲ್ಲ ಮಾತುಗಳೂ ಹೀಗೆ ಮನೆ ಸೇರಲಿಲ್ಲ. ಹೆಸಿಯಡ್ ಕವಿಯ ಕಾವ್ಯದಲ್ಲಿ ಪಂಡೋರಾ ತೆರೆದದ್ದು 'ಪಿಥೋಸ್', ಅಂದರೆ ಎಣ್ಣೆ, ಧಾನ್ಯಗಳನ್ನು ತುಂಬಿಡುವ ಆಳೆತ್ತರದ ಗುಡಾಣ. ಎರಾಸ್ಮಸ್ಸನ ಲ್ಯಾಟಿನ್ನಿನಲ್ಲಿ ಅದು 'ಪಿಕ್ಸಿಸ್', ಕೈಯಲ್ಲಿ ಹಿಡಿಯಬಹುದಾದ ಪುಟ್ಟ ಪೆಟ್ಟಿಗೆ. ಯುರೋಪಿನ ಅನೇಕ ಭಾಷೆಗಳು ಪೆಟ್ಟಿಗೆಯನ್ನೇ ಒಪ್ಪಿಕೊಂಡವು. ಸೋಜಿಗವೆಂದರೆ ಇಂದಿನ ಗ್ರೀಕರೂ 'ಪಂಡೋರಾಳ ಪೆಟ್ಟಿಗೆ' ಎಂದೇ ಹೇಳುತ್ತಾರೆ. ತಮ್ಮದೇ ಕಥೆ, ತಮ್ಮದೇ ನಾಯಕಿ. ಪಾತ್ರೆ ಮಾತ್ರ ಹೊರಗಿನದು. ಇಲ್ಲಿ ಗುಡಾಣವನ್ನು ಮರಳಿ ತರಹೊರಟ ಅನುವಾದಕನೇ ಪರಕೀಯನಾಗಿ ತೋರುತ್ತಾನೆ. ತಪ್ಪೇ ರೂಢಿಯಾದ ಮೇಲೆ ಪಾಂಡಿತ್ಯ ರೂಢಿಯ ಮುಂದೆ ತಲೆಬಾಗಬೇಕಾಗುತ್ತದೆ.

ಕಚೇರಿಯಲ್ಲಿ ಇಂಗ್ಲಿಷ್, ಹಿಂದಿಗಳ ನಡುವೆ ಕಡತ ತಿರುವುತ್ತ, ಸಂಜೆ ಮನೆಗೆ ಬಂದು ಕನ್ನಡವಾಡುವ ನಮಗೆ ಈ ಇತಿಹಾಸ ದೂರದ್ದೆನಿಸುವುದಿಲ್ಲ. 'ಪಂಡೋರಾ ಪೆಟ್ಟಿಗೆ' ನಮ್ಮ ಪತ್ರಿಕೆಗಳಿಗೂ ಬಂದಿದೆ, ಇಂಗ್ಲಿಷಿನ ದಾರಿಯಿಂದಲೇ. ಅದಕ್ಕೆ ನಮ್ಮ ತಕರಾರಿಲ್ಲ. ಭಾಷೆಗಳು ಕೊಡುಕೊಳ್ಳುವಿಕೆಯಿಂದಲೇ ಬೆಳೆದಿವೆ. ನಮ್ಮನ್ನು ಕಾಡುವುದು ಬೇರೊಂದು ಪ್ರಶ್ನೆ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳು ಇಂಗ್ಲಿಷಿನ ಸಲಿಕೆಯನ್ನು ಕನ್ನಡಕ್ಕೆ ತರಬೇಕಾದಾಗ ಏನು ಮಾಡುತ್ತಾರೆ? 'ಕಡ್ಡಿ ಮುರಿದಂತೆ ಹೇಳು' ಎಂಬ ಮಾತು ಅವರ ಕಿವಿಗೆ ಬಿದ್ದಿದ್ದರೆ ಅದು ತಾನಾಗಿ ನಾಲಗೆಗೆ ಬರುತ್ತದೆ. ಬಿದ್ದಿರದಿದ್ದರೆ ಸಲಿಕೆಯನ್ನು ಸಲಿಕೆಯೆಂದೇ ಅನುವಾದಿಸುತ್ತಾರೆ. ಆ ತಪ್ಪು ಅವರದಲ್ಲ.

ಗ್ರೀಕರ ಮರಿಗೆ ಉಳಿದದ್ದು ಅದನ್ನು ಆಡುವವರು ಇದ್ದುದರಿಂದ ಎಂದು ನಾವು ಭಾವಿಸುತ್ತೇವೆ. ನಿಘಂಟು ಅರ್ಥವನ್ನು ಕಾಯಬಲ್ಲದು. ಮಾತನ್ನು ಊಟದ ಹೊತ್ತಿನಲ್ಲಿ, ಜಗಳದಲ್ಲಿ, ತಮಾಷೆಯಲ್ಲಿ ನಾವೇ ಆಡಬೇಕು.