ಮನೆಬಳಕೆ ಇಂಧನಕ್ಕೆ ಸರ್ಕಾರಿ ನೆರವು: ಕೆ.ಜಿ.ಎಫ್. ಮತ್ತು ಬಂಗಾರಪೇಟೆ

ಕೋಲಾರ ಜಿಲ್ಲೆಯ ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಮನೆಗಳಲ್ಲಿ ವಿದ್ಯುತ್ತು, ಅಡುಗೆ ಅನಿಲ, ಸ್ನಾನದ ಬಿಸಿನೀರು ಇವುಗಳ ಖರ್ಚು ತಗ್ಗಿಸಲು ರಾಜ್ಯ ಹಾಗೂ ಕೇಂದ್ರ ಸರ್ಕಾರಗಳು ಕೊಡುತ್ತ ಬಂದಿರುವ ಸಹಾಯಧನ, ರಿಯಾಯಿತಿ ಮತ್ತು ಸಲಕರಣೆಗಳ ವ್ಯವಸ್ಥೆ. ಇಂಥ ನೆರವು ಬೇರೆ ದೇಶಗಳಲ್ಲೂ ಉಂಟು: ಬ್ರಿಟನ್ನಿನಲ್ಲಿ 1997ರಿಂದ ಹಿರಿಯರಿಗೆ ಚಳಿಗಾಲದ ಇಂಧನ ಭತ್ಯೆ ಇದೆ. ಅಮೆರಿಕದಲ್ಲಿ 1981ರ ಕಾಯಿದೆಯೊಂದು ಬಡ ಮನೆಗಳ ಕಾವಿನ ಖರ್ಚಿಗೆ ನೆರವಾಗುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೆ.ಜಿ.ಎಫ್.-ಬಂಗಾರಪೇಟೆ ಸೀಮೆಯಲ್ಲಿ ಮಾಗಿಯ ಬೆಳಗು ಕೊರೆಯುತ್ತದಾದರೂ ಕೋಣೆಯನ್ನು ಬೆಚ್ಚಗಿಡುವ ಪದ್ಧತಿ ಇಲ್ಲ. ಇಲ್ಲಿ ಕಾವಿನ ಖರ್ಚೆಂದರೆ ಬಚ್ಚಲುಮನೆಯ ಖರ್ಚು. ಆದರೆ ಸರ್ಕಾರದ ಯೋಜನೆಗಳಲ್ಲಿ ಬಚ್ಚಲಿಗೆ ಸಿಕ್ಕ ಗಮನ ತೀರ ಕಡಿಮೆ.

ಹಿನ್ನೆಲೆ

ಕೆ.ಜಿ.ಎಫ್.ನ ಚಿನ್ನದ ಗಣಿಗಳ ಮೊದಲ ದಿನಗಳಲ್ಲಿ ಉಗಿಯಂತ್ರಗಳು ಸೌದೆ ಮತ್ತು ಕಲ್ಲಿದ್ದಲನ್ನು ಉರಿಸುತ್ತಿದ್ದವು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ರೈಲುದಾರಿ ಬಂತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡು, ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯೇರ್ ಮುಂದೆ ನಿಂತು ನಡೆಸಿದ ಶಿವನಸಮುದ್ರ ಯೋಜನೆಯಿಂದ 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ತಂತಿಯ ಮೂಲಕ ಗಣಿಗಳಿಗೆ ವಿದ್ಯುತ್ ತಲುಪಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಆದರೆ ಗಣಿಗೆ ವಿದ್ಯುತ್ತು ಬಂದದ್ದು ಯಂತ್ರಗಳಿಗೆ. ಲೈನುಗಳೆಂಬ ವಸತಿಸಾಲುಗಳ ತಟ್ಟಿ ಮನೆ, ತಗಡಿನ ಮನೆಗಳಲ್ಲಿದ್ದ ಕಾರ್ಮಿಕರ ಒಲೆ ಬಹುಕಾಲ ಸೌದೆ, ಸೀಮೆಎಣ್ಣೆಯನ್ನೇ ನಂಬಿತ್ತು. ಮೂರು ಕಿಲೋಮೀಟರ್‌ಗೂ ಆಳದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಯ ಬಿಸಿಗೆ ಬೆಂದು ಮೇಲೆ ಬಂದವರೂ ಮನೆಯಲ್ಲಿ ಬಿಸಿನೀರಿಗೆ ಸೌದೆ ಹೊಂದಿಸಬೇಕಿತ್ತು.

1956ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡವು; ಮುಂದೆ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಗಿ 2001ರ ಫೆಬ್ರವರಿ 28ರಂದು ಮುಚ್ಚಿದವು. ಸಂಬಳ ನಿಂತ ಮೇಲೆ ಕರೆಂಟು ಬಿಲ್ಲು ಹೊರೆಯಾಯಿತು. ಈಗ ಎರಡೂ ತಾಲ್ಲೂಕುಗಳಿಗೆ ವಿದ್ಯುತ್ ಪೂರೈಸುವುದು 2002ರಲ್ಲಿ ಹುಟ್ಟಿದ ಬೆಸ್ಕಾಂ.

ದೀಪದಿಂದ ಗೃಹಜ್ಯೋತಿಗೆ

ಬಡವರ ಮನೆಗೆ ಒಂದು ದೀಪ ಎಂಬ ಲೆಕ್ಕದಲ್ಲಿ ರಾಜ್ಯದ ಭಾಗ್ಯಜ್ಯೋತಿ, ಕೇಂದ್ರದ ಕುಟೀರ ಜ್ಯೋತಿ (1988-89) ಬಂದವು. ಉಚಿತ ಬಳಕೆಯ ಮಿತಿ ಒಂದು ಕಾಲಕ್ಕೆ ತಿಂಗಳಿಗೆ 18 ಯೂನಿಟ್ ಇದ್ದದ್ದು ನಂತರ 40ಕ್ಕೆ ಏರಿತು. 2015ರ ಕೊನೆಗೆ ರಾಜ್ಯದಲ್ಲಿ 'ಹೊಸ ಬೆಳಕು' ಹೆಸರಿನಲ್ಲಿ ಅಗ್ಗದ ದರಕ್ಕೆ ಎಲ್‌ಇಡಿ ಬಲ್ಬು ಹಂಚುವ ಕೆಲಸ ಶುರುವಾಯಿತು. 60 ವ್ಯಾಟಿನ ಬಲ್ಬಿನ ಜಾಗಕ್ಕೆ 9 ವ್ಯಾಟಿನದು ಬಂದದ್ದು ವಿದ್ಯುತ್ ಯೋಜನೆಗಳ ಪೈಕಿ ನಿಜವಾಗಿ ದಕ್ಷತೆಯನ್ನು ಹೆಚ್ಚಿಸಿದ ಹೆಜ್ಜೆ. ಸದ್ದಿಲ್ಲದೆ ಆದದ್ದರಿಂದ ಅದಕ್ಕೆ ಸಿಗಬೇಕಾದ ಹೆಸರು ಸಿಗಲಿಲ್ಲ.

ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. ಆಗಸ್ಟ್ 5ರಂದು ಕಲಬುರಗಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ವಿಧ್ಯುಕ್ತ ಚಾಲನೆ ಕೊಟ್ಟರು. '200 ಯೂನಿಟ್ ಫ್ರೀ' ಎಂಬುದು ಜನರ ಮಾತು. ನಿಯಮ ಅಷ್ಟು ಸರಳವಲ್ಲ. 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದರೆ ಬರುವುದೇ ಆ ಮನೆಯ ಅರ್ಹ ಯೂನಿಟ್. ಅದನ್ನು ಮೀರಿ 200ರ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ಹಿಂದಿನ ದಾಖಲೆ ಇಲ್ಲದ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ಟಿಗೆ ಶೇ. 10 ಸೇರಿಸಿ 58. ಹಿಂದೆ ಕೈಬಿಗಿ ಹಿಡಿದು ಬಳಸಿದವರಿಗೆ ಕಡಿಮೆ, ಧಾರಾಳವಾಗಿ ಉರಿಸಿದವರಿಗೆ ಹೆಚ್ಚು ಎಂಬ ವಿಚಿತ್ರ ಇದರಿಂದ ಉಂಟಾಯಿತು. 2024ರ ಜನವರಿಯಲ್ಲಿ ಸಚಿವ ಸಂಪುಟ ಕಡಿಮೆ ಬಳಸುವ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಎಂದು ತಿದ್ದಿ ಆ ಡೊಂಕನ್ನು ಸ್ವಲ್ಪ ನೇರಮಾಡಿತು.

ಅರ್ಜಿಗೆ ಆಧಾರ್ ಮತ್ತು ಮೀಟರಿನ ಆರ್.ಆರ್. ನಂಬರ್ ಬೇಕು. ಬಾಡಿಗೆದಾರರಿಗೂ ಅವಕಾಶವಿದೆ, ಒಂದು ಆರ್.ಆರ್. ನಂಬರಿಗೆ ಒಂದೇ ಸೌಲಭ್ಯ. ಒಂದೇ ಮೀಟರಿನಲ್ಲಿ ಎರಡು ಮೂರು ಒಲೆ ಹೂಡಿರುವ ಮನೆಗಳಿಗೆ ಇದು ಬಿಗಿಯಾಗುತ್ತದೆ.

ಬಿಸಿನೀರಿನ ಲೆಕ್ಕ

20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಹತ್ತಿರ ಹತ್ತಿರ ಅರ್ಧ ಯೂನಿಟ್ ವಿದ್ಯುತ್ ಬೇಕು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ನಾಲ್ಕು ಬಕೆಟ್ ಎಂದರೂ ತಿಂಗಳಿಗೆ ಸುಮಾರು 56 ಯೂನಿಟ್. ಗೀಸರಿನ ತೊಟ್ಟಿಯಿಂದ ಸೋರುವ ಕಾವನ್ನು ಇದಕ್ಕೆ ಸೇರಿಸಿಲ್ಲ. ಅಂದರೆ ಹೊಸ ಮನೆಯ 58 ಯೂನಿಟ್ಟಿನ ಪಾಲು ಸ್ನಾನಕ್ಕೇ ತೀರಿ, ದೀಪ, ಫ್ಯಾನು, ಮಿಕ್ಸಿ, ಟಿ.ವಿ. ಎಲ್ಲಕ್ಕೂ ಕಾಸು ಕೊಡಬೇಕು. 2024-25ರ ದರದಲ್ಲಿ ಅದು ಯೂನಿಟ್ಟಿಗೆ 5.90 ರೂಪಾಯಿ ಇತ್ತು. ಆದ್ದರಿಂದ ಹಲವು ಮನೆಗಳು ಬಿಸಿನೀರನ್ನು ಕರೆಂಟಿಗೆ ಬಿಡದೆ ಹಂಡೆಯಲ್ಲೇ ಉಳಿಸಿಕೊಂಡಿವೆ. ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ನೀಲಗಿರಿ ಸೊಪ್ಪು-ಸೌದೆ, ರೇಷ್ಮೆ ಬೆಳೆಗಾರರ ಮನೆಯಲ್ಲಾದರೆ ಹಿಪ್ಪುನೇರಳೆ ಕಡ್ಡಿ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರದ ರಾಗಿ ಹೊಲಗಳಿಗೆ ನುಗ್ಗಿದ ನೀಲಗಿರಿಯ ಬಗ್ಗೆ ಬೇಕಾದಷ್ಟು ಜಗಳ ನಡೆದಿದೆ. ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಬಚ್ಚಲೊಲೆಯನ್ನು ಆ ಮರವೇ ಉರಿಸಿತೆಂಬುದನ್ನು ಜಗಳದ ಎರಡು ಕಡೆಯವರೂ ಹೇಳುವುದು ಅಪರೂಪ.

ಸೌದೆಯ ದಕ್ಷತೆಗೆ ಕೈಹಾಕಿದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರ. ಮುಚ್ಚಿದ ಉರಿಗೂಡು, ಗಾಳಿಗೆ ಅಳತೆಯ ಕಿಂಡಿ, ಹೊಗೆಗೆ ಕೊಳವೆ: ಇಷ್ಟರಿಂದಲೇ ಅಸ್ತ್ರ ಒಲೆ ಸೌದೆ ಉಳಿಸಿತು. 1983-84ರಿಂದ 2002ರವರೆಗೆ ನಡೆದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಡಿ ಅದು ಕರ್ನಾಟಕದ ಹಳ್ಳಿಗಳಿಗೆ ಹೋಯಿತು. ಕಾರ್ಯಕ್ರಮ ನಿಂತ ಮೇಲೆ ಸರ್ಕಾರದ ಒಲವು ಅನಿಲದ ಕಡೆ ಹೊರಳಿತು.

ಸೌರ ಬಿಸಿನೀರಿಗೆ ರಾಜ್ಯದ ನೆರವು ಎರಡು ಬಗೆಯದು. ನಗರ ಮಿತಿಯ ನಿಗದಿತ ಅಳತೆಗೆ ಮೇಲ್ಪಟ್ಟ ಹೊಸ ಮನೆಗಳಿಗೆ 2007ರ ಆದೇಶದಂತೆ ಸೋಲಾರ್ ಹೀಟರ್ ಕಡ್ಡಾಯ. ಹೀಟರ್ ಇದ್ದವರ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ. ಸ್ವಂತ ತಾರಸಿ, ಮೇಲೆ ನೀರಿನ ಟ್ಯಾಂಕು ಇದ್ದವರ ಸವಲತ್ತಿದು. ಶೀಟ್ ಹೊದ್ದ ಲೈನ್ ಮನೆಗೆ ಇದು ದಕ್ಕುವಂಥದ್ದಲ್ಲ.

ಅಡುಗೆ ಅನಿಲ

2016ರ ಮೇ 1ರಂದು ಶುರುವಾದ ಉಜ್ವಲ ಯೋಜನೆ ಬಡ ಹೆಣ್ಣುಮಕ್ಕಳ ಹೆಸರಿನಲ್ಲಿ ಸಂಪರ್ಕ ಕೊಟ್ಟಿತು. ಅದರ ಹೊರಗುಳಿದವರಿಗಾಗಿ ರಾಜ್ಯ ಅನಿಲಭಾಗ್ಯ ತಂದಿತು. ಇತರರ ಖಾತೆಗೆ ಬರುತ್ತಿದ್ದ ಸಬ್ಸಿಡಿ 2020ರಿಂದ ಹೆಚ್ಚುಕಡಿಮೆ ನಿಂತಿದೆ. ಉಜ್ವಲದವರಿಗೆ 2022ರ ಮೇ ತಿಂಗಳಲ್ಲಿ ಸಿಲಿಂಡರಿಗೆ 200 ರೂಪಾಯಿ, 2023ರ ಅಕ್ಟೋಬರಿನಲ್ಲಿ 300 ರೂಪಾಯಿ ನಿಗದಿಯಾಯಿತು. ತುಂಬಿಸುವ ದುಡ್ಡು ಮೊದಲು ಕೈಯಿಂದ ಹೋಗಬೇಕಾದ್ದರಿಂದ ಗ್ಯಾಸನ್ನು ಅನ್ನ-ಸಾರಿಗೆ ಮೀಸಲಿಟ್ಟು ನೀರು ಕಾಯಿಸಲು ಹಂಡೆಯನ್ನೇ ಹಚ್ಚುವುದು ವಾಡಿಕೆ.

ತಾರಸಿ ಸೌರವಿದ್ಯುತ್

2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲಕ್ಕೆ ಒಟ್ಟು 78,000 ರೂಪಾಯಿ ಕೇಂದ್ರದ ಸಹಾಯಧನವಿದೆ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಪಡೆಯುವ ಮನೆ ಸ್ವಂತ ದುಡ್ಡು ಸೇರಿಸಿ ಫಲಕ ಹಾಕಿಸಲು ಕಾರಣವೇ ಇಲ್ಲ. ಎರಡು ಸರ್ಕಾರಗಳ ಎರಡು ಯೋಜನೆಗಳು ಒಂದೇ ಮೀಟರಿನ ಮುಂದೆ ಎದುರುಬದುರು ನಿಂತಿವೆ. 200 ಯೂನಿಟ್ ದಾಟುವ ಮನೆಗಳಿಗಷ್ಟೇ ಸೂರ್ಯಘರ್ ಲಾಭದ ಮಾತಾಗುತ್ತದೆ.